ಮೂರರಿಂದ ನಾಲ್ಕಕ್ಕೆ

ಮಾರ್ಚ್ 2, ಭಾನುವಾರ. ಸಂಜೆ 6

ಎರಡು ಸೀಟ್ ಕವರ್ ಹೊಲಿದೆ. ಮೂರನೆಯದಕ್ಕೆ ದಾರ ಮುಗಿಯಿತು. ಅಷ್ಟರಲ್ಲಿ ಮಗಳು ಬೈಕ್ ರೇಸ್ ಟ್ರ್ಯಾಕ್‌ನಿಂದ ಬಂದಳು. ಗಾಡಿಯನ್ನು ವರ್ಕ್‌ಶಾಪ್ ಒಳಗೆ ನಿಲ್ಲಿಸಿ ಗ್ಲೌಸ್ ಬಿಸಾಕಿದಳು. ಒಂದು ನನ್ನ ಹೊಲಿಗೆ ಮೆಷಿನ್ ಮೇಲೆ ಬಿತ್ತು.

"ಮತ್ತೆ ತಪ್ಪಿತು ಅಮ್ಮ. ಮೂರರಿಂದ ನಾಲ್ಕಕ್ಕೆ. ಎರಡು ಸಲ."

ಗೇರ್ ಮೂರರಲ್ಲೂ ಇಲ್ಲ, ನಾಲ್ಕರಲ್ಲೂ ಇಲ್ಲ, ನಡುವೆ ಎಲ್ಲೋ ನಿಂತುಬಿಡುತ್ತದೆ. ಇಂಜಿನ್ ಅರಚುತ್ತದೆ, ಗಾಡಿ ಎಳೆಯುವುದಿಲ್ಲ. ಹಿಂದೆ ಬರುವವರಿಗೆ ಅದು ಗೊತ್ತಾಗುವುದಿಲ್ಲ. ನನ್ನ ಭಯ ಅದೇ.

ಗಾಡಿಯಲ್ಲಿ ಕ್ವಿಕ್‌ಶಿಫ್ಟರ್ ಇದೆ. ಕ್ಲಚ್ ಹಿಡಿಯದೆ, ಆಕ್ಸಿಲರೇಟರ್ ಬಿಡದೆ, ಬರೀ ಕಾಲಿನಿಂದ ಗೇರ್ ಎತ್ತಬಹುದು. ಕಾಲು ತಾಗಿದೊಡನೆ ಸೆನ್ಸರ್ ಇಂಜಿನ್ನನ್ನು ಒಂದು ಚಿಟಿಕೆ ಹೊತ್ತು ಕಟ್ ಮಾಡುತ್ತದೆ. ಅಷ್ಟರಲ್ಲಿ ಗೇರ್ ಕೂತುಬಿಡಬೇಕು. ಅವಳಪ್ಪ ಹಾಕಿಕೊಟ್ಟದ್ದು. ಆಸ್ಪತ್ರೆಗೆ ಸೇರುವ ಎಂಟು ದಿನ ಮೊದಲು, ಮಣೆಯ ಮೇಲೆ ಕೂತು, ಇಡೀ ಮಧ್ಯಾಹ್ನ. ಅವರು ಮಾಡಿದ ಕೊನೆಯ ಕೆಲಸ. ಮುಗಿಸಿ ಸೊಂಟ ಹಿಡಿದುಕೊಂಡು ಎದ್ದು, "ಇನ್ನು ಇದನ್ನ ಯಾರೂ ಮುಟ್ಟೋ ಹಾಗಿಲ್ಲ" ಅಂದಿದ್ದರು.

ಅವರು ಹೋಗಿ ನಾಲ್ಕು ತಿಂಗಳು.

ಮಾರ್ಚ್ 4, ಮಂಗಳವಾರ

ಮೈದುನ ಬೆಳಿಗ್ಗೆಯೇ ಗಾಡಿಯನ್ನು ಸ್ಟ್ಯಾಂಡಿಗೆ ಏರಿಸಿದ. ಈಗ ವರ್ಕ್‌ಶಾಪ್ ನೋಡಿಕೊಳ್ಳುತ್ತಿರುವುದು ಅವನೇ. ಸೆನ್ಸರ್ ವೈರ್ ನೋಡಿದ — ಸರಿಯಿದೆ. ಕನೆಕ್ಟರ್ ಬಿಚ್ಚಿ ಸ್ಪ್ರೇ ಹೊಡೆದ. ಚೈನ್ ಸ್ವಲ್ಪ ಸಡಿಲವಿತ್ತು, ಬಿಗಿ ಮಾಡಿದ. ಕಟ್ ಆಗುವ ಹೊತ್ತು ಅರವತ್ತೈದು ಇದ್ದದ್ದನ್ನು ಎಂಬತ್ತಕ್ಕೆ ಏರಿಸಿದ. ಸೆಕೆಂಡನ್ನು ಸಾವಿರ ಚೂರು ಮಾಡಿ ಅದರಲ್ಲಿ ಎಂಬತ್ತಂತೆ.

"ನೀವು ಒಂದ್ಸಲ ಆಕಳಿಸೋದ್ರೊಳಗೆ ಇದು ಐವತ್ತು ಗೇರ್ ಹಾಕುತ್ತೆ ಅತ್ತಿಗೆ."

"ಐವತ್ತು ಬೇಡಪ್ಪ, ಒಂದು ನೆಟ್ಟಗೆ ಹಾಕೋಕೆ ಹೇಳು."

ನಕ್ಕ. ಆಮೇಲೆ ಗೇರ್ ಲಿವರ್ ಮೇಲೆ ಬೆರಳಿಟ್ಟು, "ಸ್ವಲ್ಪ ಎತ್ತರ ಆಯ್ತೇನೋ" ಅಂದ. ತಾನೇ ಕೈ ತೆಗೆದುಕೊಂಡ. "ಅಣ್ಣ ಅವಳ ಕಾಲು ನೋಡಿಯೇ ಇಟ್ಟಿರ್ತಾನೆ ಬಿಡಿ."

ನಾನೂ ಹೂಂ ಅಂದೆ.

ಮಾರ್ಚ್ 9, ಭಾನುವಾರ

ಇವತ್ತೂ ತಪ್ಪಿತು. ಹಿಂದಿನ ಗಾಡಿಯವನು ಹುಲ್ಲಿಗೆ ಇಳಿದು ಪಾರಾದ. ಇಬ್ಬರಿಗೂ ಏನೂ ಆಗಿಲ್ಲ. ಏನೂ ಆಗಿಲ್ಲ ಅಂತ ಇನ್ನೊಮ್ಮೆ ಬರೆಯುತ್ತೇನೆ.

ಮಗಳ ಕೋಚ್ ಫೋನ್ ಮಾಡಿದ್ದರು.

"ತಪ್ಪು ತಿಳ್ಕೋಬೇಡಿ ಅಮ್ಮ. ತಂದೆ ಹೋದ ದುಃಖ, ಗಮನ ಗಾಡಿ ಮೇಲಿಲ್ಲ. ಬರೋ ಭಾನುವಾರ ನಾನೇ ನಿಂತು ನೋಡ್ತೀನಿ. ಹತ್ತು ಸುತ್ತು. ಒಂದೇ ಒಂದು ಸಲ ತಪ್ಪಿದ್ರೂ ಈ ವರ್ಷ ಟ್ರ್ಯಾಕಿಗೆ ಬಿಡಲ್ಲ. ಅವಳ ಜೀವ ಒಂದೇ ಅಲ್ಲ, ಬೇರೆಯವರದ್ದೂ ಇದೆ."

ಸರಿ ಸರ್ ಅಂದೆ.

ಮಗಳಿಗೆ ಹೇಳಿದೆ. "ನನ್ನ ಕಾಲಿಗೆ ಏನಾಗಿದೆ ಅಮ್ಮ?" ಅಂದಳು. ಇಪ್ಪತ್ತೆರಡು ವರ್ಷದವಳು, ಮೂರು ವರ್ಷದವಳ ಹಾಗೆ ಪಾದ ಮುಂದೆ ಚಾಚಿ ತೋರಿಸಿದಳು.

ರೇಸ್ ಬಿಡಿಸಿದರೆ ಒಳ್ಳೆಯದೇ ಆಯಿತಲ್ಲ ಎಂದು ನನಗೆ ಒಂದು ಕ್ಷಣ ಅನಿಸಿದ್ದು ನಿಜ. ಅವಳ ಮುಖ ನೋಡಿದ ಮೇಲೆ ನಾಚಿಕೆಯಾಯಿತು.

ಮಾರ್ಚ್ 10, ಸೋಮವಾರ

ಮೈದುನ ಮತ್ತೆ ಎಲ್ಲ ನೋಡಿದ. ಸೆನ್ಸರ್ ಬದಲಾಯಿಸಿಯೂ ನೋಡಿದ. ವ್ಯತ್ಯಾಸವಿಲ್ಲ. ಕೈ ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದ.

"ಬೈಬೇಡಿ ಅತ್ತಿಗೆ. ಆ ಹೊತ್ತಿಗೆ ಅಣ್ಣನ ಕೈ ನಡುಗ್ತಿತ್ತು. ಎಲ್ಲೋ ಏನೋ ಒಂದು..."

ನಾನು ಮೆಷಿನ್ನಿಗೆ ಹೋಗಿ ಕೂತೆ. ಹೊಲಿದದ್ದೆಲ್ಲ ಸೊಟ್ಟ ಬಂತು, ಬಿಚ್ಚಿದೆ.

ತಪ್ಪು ಮಗಳದ್ದು. ಇಲ್ಲವೇ ಅವರದ್ದು, ಅದೂ ಅವರ ಕೊನೆಯ ಕೆಲಸದ್ದು. ಎರಡರಲ್ಲಿ ಒಂದನ್ನು ನಾನು ಒಪ್ಪಿಕೊಳ್ಳಬೇಕು. ಯಾವುದನ್ನು ಒಪ್ಪಲಿ?

ಮಾರ್ಚ್ 13, ಗುರುವಾರ

ಮೂರು ದಿನದಿಂದ ಮಗಳು ಗಾಡಿ ಹತ್ತಿರ ಹೋಗಿಲ್ಲ.

ಮಾರ್ಚ್ 14, ಶುಕ್ರವಾರ. ಮಧ್ಯಾಹ್ನ 3

ಕೈ ತೊಳೆಯದೆ ಬರೆಯುತ್ತಿದ್ದೇನೆ. ಹಾಳೆಗೆ ಗ್ರೀಸ್ ಹತ್ತುತ್ತಿದೆ. ಹತ್ತಲಿ.

ಮೈದುನ ಸಾಮಾನು ತರಲು ಹೋಗಿದ್ದ. ಮಗಳು ಒಳಗೆ ಮಲಗಿದ್ದಳು. ನಾನು ಮಣೆ ಎಳೆದುಕೊಂಡು ಗಾಡಿಯ ಎಡಗಡೆ ಕೂತೆ. ಸುಮ್ಮನೆ, ಅವರು ಕೂರುತ್ತಿದ್ದ ಜಾಗದಿಂದ ನೋಡೋಣ ಅಂತ.

ಇಂಜಿನ್ನಿನಿಂದ ಒಂದು ಶಾಫ್ಟ್ ತುದಿ ಹೊರಗೆ ಬರುತ್ತದೆ. ಅದರ ಸುತ್ತ ಸಣ್ಣ ಹಲ್ಲುಗಳು. ಆ ಹಲ್ಲಿನ ಮೇಲೆ ಬೆರಳುದ್ದದ ಒಂದು ತೋಳು ಕೂರುತ್ತದೆ, ಅಲ್ಲಿಂದ ಸೆನ್ಸರ್ ಇರುವ ರಾಡು ಲಿವರಿಗೆ. ಶಾಫ್ಟ್ ತುದಿಯಲ್ಲಿ ಸಾಸಿವೆಯಷ್ಟು ಬಿಳಿ ಬಣ್ಣ ಕಂಡಿತು. ತೋಳಿನ ಅಂಚಿನಲ್ಲೂ ಒಂದು ಚೂರು. ಅವರು ಬೋಲ್ಟ್ ಬಿಗಿದ ಮೇಲೆ ಎರಡೂ ಭಾಗಕ್ಕೆ ಸೇರಿಸಿ ಒಂದು ಬಿಳಿ ಗೆರೆ ಎಳೆಯುತ್ತಿದ್ದರು. ಏನಾದರೂ ಜರುಗಿದರೆ ಗೆರೆ ಮುರಿಯುತ್ತದೆ, ಕಣ್ಣಿಗೆ ಬೀಳುತ್ತದೆ. "ಇದು ನನ್ನ ರುಜು" ಅನ್ನುತ್ತಿದ್ದರು.

ಎರಡು ಚೂರೂ ಒಂದೇ ನೇರದಲ್ಲಿಲ್ಲ. ಒಂದು ಹಲ್ಲಿನಷ್ಟು ಆಚೆ ಈಚೆ. ಬೋಲ್ಟ್ ಮಾತ್ರ ಬಿಗಿಯಾಗಿದೆ. ಎಂದರೆ ತಾನಾಗಿ ಜರುಗಿದ್ದಲ್ಲ. ಗೆರೆ ಎಳೆದಾದ ಮೇಲೆ ಯಾರೋ ಬಿಚ್ಚಿದ್ದಾರೆ, ತಿರುಗಿ ಹಾಕುವಾಗ ಒಂದು ಹಲ್ಲು ತಪ್ಪಿಸಿದ್ದಾರೆ, ಅದಕ್ಕೇ ಲಿವರ್ ಎತ್ತರವಾಗಿದೆ.

ಯಾರು ಅಂದುಕೊಳ್ಳುವಷ್ಟರಲ್ಲಿ ಮೂಗಿಗೆ ಸೀಮೆಎಣ್ಣೆ ವಾಸನೆ ಬಂದ ಹಾಗಾಯಿತು.

ನಾನೇ.

ಅವರು ಹೋದ ವಾರ. ಮನೆ ತುಂಬ ಜನ. ನಾನು ಇಲ್ಲಿಗೆ ಬಂದು ಶಟರ್ ಅರ್ಧ ಎಳೆದುಕೊಂಡು ಗಾಡಿ ಒರೆಸುತ್ತಾ ಕೂರುತ್ತಿದ್ದೆ. ತೋಳಿನ ಹಿಂದೆ ಗ್ರೀಸ್ ಗಟ್ಟಿಯಾಗಿತ್ತು. ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹಾಕಿದೆ. ಮೂವತ್ತು ವರ್ಷ ಆ ಗೆರೆ ನೋಡಿದವಳು ಅವತ್ತು ಅದನ್ನೂ ಕೊಳೆ ಅಂತ ಉಜ್ಜಿದೆ. ಹಲ್ಲು ಎಣಿಸಲಿಲ್ಲ. ಇವತ್ತಿನವರೆಗೂ ನೆನಪೇ ಇರಲಿಲ್ಲ.

ಅವರ ಕೈ ತಪ್ಪಿರಲಿಲ್ಲ. ಅವಳ ಕಾಲೂ ತಪ್ಪಿರಲಿಲ್ಲ. ನಾನೇ, ನಾನೇ ಅಂತ ಎರಡು ಸಲ ಜೋರಾಗಿ ಹೇಳಿಕೊಂಡೆ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಎಂಥ ಹೆಂಗಸು ನಾನು!

ಅದೇ ದಿನ. ಸಂಜೆ 7

ಇಬ್ಬರನ್ನೂ ಕರೆದು ಕೂರಿಸಿ ಹೇಳಿದೆ. ಮೈದುನ ಟಾರ್ಚ್ ಹಿಡಿದು ಬಗ್ಗಿ ನೋಡಿದ. ಬಗ್ಗಿದವನು ಏಳಲೇ ಇಲ್ಲ.

"ಅತ್ತಿಗೆ... ಅಣ್ಣ ಇಟ್ಟಿದ್ದು ಅಂತ ನಾಲ್ಕು ತಿಂಗಳಿಂದ ನಾವು ಕೈ ಮುಗೀತಾ ಇದ್ದಿದ್ದು ನಿಮ್ಮ ಕೆಲಸಕ್ಕಾ?"

ಮಗಳು ಫಕ್ಕನೆ ನಕ್ಕಳು. ನಕ್ಕು ನಕ್ಕು ನೆಲದ ಮೇಲೆ ಕೂತುಬಿಟ್ಟಳು. ಆ ನಗು ಕೇಳಿ ಎಷ್ಟು ದಿನವಾಗಿತ್ತು.

"ಲಿವರ್ ಎತ್ತರ ಅಂತ ನಂಗೂ ಗೊತ್ತಿತ್ತು ಅಮ್ಮ. ಅಪ್ಪ ಇಟ್ಟಿದ್ದಲ್ವಾ ಅಂತ ನಾನೇ ಪಾದ ತಿರುಚಿ ತಿರುಚಿ ಅಭ್ಯಾಸ ಮಾಡ್ಕೊಂಡೆ. ನೇರ ರಸ್ತೇಲಿ ಹೇಗೋ ಆಗ್ತಿತ್ತು. ಮೂರರಿಂದ ನಾಲ್ಕಕ್ಕೆ ಹಾಕೋದು ತಿರುವಿನಲ್ಲಿ, ಗಾಡಿ ಮೇಲೆ ಮಲಗಿರ್ತೀನಿ. ಅಲ್ಲಿ ಪಾದ ಅಷ್ಟು ಏಳೋದೇ ಇಲ್ಲ."

"ಒಂದು ಮಾತು ಹೇಳಬಾರದಿತ್ತೇನೇ?"

"ನೀನು ಹೇಳಿದ್ಯಾ, ಬಿಚ್ಚಿದ್ದೆ ಅಂತ?"

ಸ್ಪ್ಯಾನರ್ ತೆಗೆದು ಮೈದುನನ ಕೈಗೆ ಕೊಟ್ಟೆ.

ಮೈದುನ ತೋಳು ಬಿಚ್ಚಿ ಬಿಳಿ ಚೂರುಗಳನ್ನು ಕೂಡಿಸಿ ಹಾಕಿದ. ಕಟ್ ಆಗುವ ಹೊತ್ತನ್ನು ಎಂಬತ್ತರಿಂದ ಮತ್ತೆ ಅರವತ್ತೈದಕ್ಕೆ ಇಳಿಸಿದ. "ಕೈ ನಡುಗ್ತಿತ್ತು ಅಂದೆನಲ್ಲ, ಆ ಬಾಯಿಗೆ ಒಂದು ಬಿಡಬೇಕು" ಎಂದು ತನ್ನಷ್ಟಕ್ಕೆ ಗೊಣಗಿದ. ಮಗಳು ಹತ್ತಿ ಕೂತು, ಮಲಗಿ, ಕಾಲು ಎತ್ತಿದಳು. ಟಕ್. ಟಕ್. ಟಕ್. ಆಮೇಲೆ ನನ್ನ ಮುಖ ನೋಡಿದಳು.

"ಅಮ್ಮ, ರಾಡನ್ನ ಇನ್ನರ್ಧ ಸುತ್ತು ತಿರುಗಿಸ್ಲಾ? ಇನ್ನೊಂಚೂರು ಕೆಳಗಿದ್ರೆ ನಂಗೆ ಹಿತ. ಅಪ್ಪ ಇಟ್ಟಿದ್ದಕ್ಕಿಂತ... ಸ್ವಲ್ಪನೇ."

ಮೈದುನನೂ ನನ್ನನ್ನೇ ನೋಡಿದ. "ಓಡಿಸೋಳು ನೀನು ತಾನೇ. ತಿರುಗಿಸು" ಅಂದೆ.

ತಿರುಗಿಸಿದಳು. ನಟ್ ಬಿಗಿದಳು. ಬಿಳಿ ಬಣ್ಣ ತಂದು ಹೊಸ ಗೆರೆಯನ್ನೂ ಅವಳೇ ಎಳೆದಳು. ಸೊಟ್ಟಗಿದೆ.

ಮಾರ್ಚ್ 16, ಭಾನುವಾರ. ಬೆಳಿಗ್ಗೆ 10:20

ಟ್ರ್ಯಾಕ್ ಬೇಲಿಯ ಪಕ್ಕ ಕೂತಿದ್ದೇನೆ. ಸುಮ್ಮನೆ ಕೂರಲು ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕೋಚ್ ಹತ್ತು ಹೆಜ್ಜೆ ಆಚೆ, ಕೈಯಲ್ಲಿ ಹಾಳೆ. ಏಳು ಸುತ್ತು ಆಯಿತು. ಏಳೂ ಸರಿ.

ನನಗೆ ಗಾಡಿ ಕಾಣುವುದು ಕಡಿಮೆ, ಕೇಳುವುದು ಹೆಚ್ಚು. ತಿರುವು ಆ ಮರಗಳ ಹಿಂದೆ. ಸದ್ದಿನಲ್ಲೇ ಎಣಿಸುತ್ತೇನೆ. ಎರಡು. ಮೂರು. ಉಸಿರು ಹಿಡಿಯುತ್ತೇನೆ. ನಾಲ್ಕು.

ಎಂಟು.

ಒಂಬತ್ತು. ಈ ಸಲ ಮೂರರಲ್ಲಿ ಸ್ವಲ್ಪ ಹೆಚ್ಚು ಹೊತ್ತು ಎಳೆದಳು, ಜೀವ ಬಾಯಿಗೆ ಬಂತು... ಬಿತ್ತು, ನಾಲ್ಕು ಬಿತ್ತು.

ಹತ್ತನೆಯದು. ಎರಡು. ಮೂರು. ನಾಲ್ಕು! ಐದು!

ಕೋಚ್ ಹಾಳೆ ಮಡಚಿ ಜೇಬಿಗೆ ಹಾಕಿಕೊಂಡರು. "ಗಾಡಿದೇ ತಪ್ಪಾ ಅಮ್ಮ?" ಅಂತ ಅಲ್ಲಿಂದಲೇ ಕೂಗಿದರು. "ನಂದು ಸರ್" ಅಂದೆ. ಅರ್ಥವಾಗಲಿಲ್ಲ ಅವರಿಗೆ, ತಲೆಯಾಡಿಸಿ ನಕ್ಕರು. ಮಗಳು ಗಾಡಿ ನಿಧಾನ ಮಾಡಿ ಬೇಲಿಯ ಕಡೆಗೇ ಬರುತ್ತಿದ್ದಾಳೆ. ಹೆಲ್ಮೆಟ್ ಒಳಗಿಂದ ಏನೋ ಹೇಳುತ್ತಿದ್ದಾಳೆ, ಒಂದೂ ಕೇಳಿಸುತ್ತಿಲ್ಲ, ಎದ್ದು ಹತ್ತಿರ ಹೋಗುತ್ತೇನೆ.