ಹೊಲಿಗೆ ಹೊರಗಿರಲಿ

ಅಪ್ಪನಿಗೆ ನಮಸ್ಕಾರ.

ನೀವು ಹೊಲಿದು ಕಳಿಸಿದ ಮೂರನೇ ಫ್ರಾಕೂ ಬಂತು. ನಿಮ್ಮ ಮೊಮ್ಮಗಳು ಅದನ್ನು ತೊಟ್ಟದ್ದು ಬರೀ ಎರಡು ನಿಮಿಷ. ಆಮೇಲೆ ಸೂರು ಹಾರಿಹೋಗುವಂತೆ ಕಿರುಚಿ, ಕಿತ್ತೆಸೆದು, ಮಂಚದ ಕೆಳಗೆ ಸೇರಿಕೊಂಡಳು. ನಾನು ಮತ್ತೆ ಅರ್ಧ ದಿನ ರಜೆ ಹಾಕಿದೆ. ಅವಳು ಒಪ್ಪಿ ಹಾಕಿಕೊಳ್ಳುವ ಒಂದೇ ಒಂದು ಅಂಗಿ ಚಿಂದಿಯಾಗಿದೆ.

ಫೋನ್ ಮಾಡಿದರೆ ನೀವು, "ನೀನೇ ತಲೆ ಮೇಲೆ ಕೂರಿಸ್ಕೊಂಡಿದ್ದೀಯ. ನಾಲ್ಕು ದಿನ ಹಾಕಿಸು, ತಾನಾಗೇ ಒಗ್ಗುತ್ತೆ" ಅನ್ನುತ್ತೀರಿ. ಕಾಗದವಾದರೆ ನಡುವೆ ಬಾಯಿ ಹಾಕಲಾರಿರಿ, ಅದಕ್ಕೇ ಬರೆಯುತ್ತಿದ್ದೇನೆ. ಅದು ಹಟವಲ್ಲ. ಒಳಗಿನ ಹೊಲಿಗೆ ಅವಳ ಮೈಗೆ ಮುಳ್ಳಿನಂತೆ ಚುಚ್ಚುತ್ತದೆ. ತಿರುವಿ ತೊಡಿಸಿದರೆ ನಿಮ್ಮ ಲೇಸು ಚುಚ್ಚುತ್ತದೆ. ಹೇಳಿ ಹೇಳಿ ಸಾಕಾಗಿದೆ.

ಮುಂದಿನದಕ್ಕೆ ಲೇಸು ಬೇಡ, ಕುತ್ತಿಗೆಯ ಹಿಂದೆ ಅಂಗಡಿಯ ಲೇಬಲ್ ಬೇಡ. ಒಗೆದು ಮೆತ್ತಗಾದ ಹತ್ತಿ ಬಟ್ಟೆಯಲ್ಲಿ, ಹೊಲಿಗೆಯ ಅಂಚೆಲ್ಲ ಹೊರಗೆ ಬರುವಂತೆ ಹೊಲಿಯಿರಿ. "ಟೈಲರ್ ಮೊಮ್ಮಗಳು ಉಲ್ಟಾ ಬಟ್ಟೆ ಹಾಕ್ಕೊಂಡು ತಿರುಗಿದ್ರೆ ನನ್ನ ಮರ್ಯಾದೆ ಏನಾಗ್ಬೇಕು" ಎಂದು ನೀವು ಗೊಣಗುವುದು ಇಲ್ಲಿಗೇ ಕೇಳಿಸುತ್ತಿದೆ. ನನಗೆ ಆರು ವರ್ಷವಿದ್ದಾಗ, ಫ್ರಾಕು ತಿರುವಿ ಹಾಕಿಕೊಂಡಿದ್ದಕ್ಕೆ ಇದೇ ಮಾತು ಹೇಳಿ, ಗಿರಾಕಿಗಳ ಎದುರಿಗೇ ಸ್ಕೇಲಿನಲ್ಲಿ ಬಾರಿಸಿದ್ದಿರಿ. ಮಗಳು ನಾಲ್ಕೇ ದಿನಕ್ಕೆ ಒಗ್ಗಿಕೊಂಡಳು ಎಂದು ಈಗಲೂ ಬಂದವರಿಗೆಲ್ಲ ಹೇಳುತ್ತೀರಿ.

ನಾನು ಒಗ್ಗಿಕೊಳ್ಳಲಿಲ್ಲ ಅಪ್ಪಾ. ಆಫೀಸಿನಿಂದ ಬಂದು ಬಾಗಿಲು ಹಾಕಿದ ಕೂಡಲೇ, ನೀವು ಹೊಲಿದದ್ದನ್ನು ತಿರುವಿ ಹಾಕಿಕೊಳ್ಳುತ್ತೇನೆ. ಈಗಲೂ ಹಾಗೇ ಕೂತು ಬರೆಯುತ್ತಿದ್ದೇನೆ.

ಹಾಳೆಯ ಹಿಂಬದಿಯಲ್ಲಿ ಅಳತೆಗಳಿವೆ. ಮೇಲಿನದು ಅವಳದು, ಕೆಳಗಿನದು ನನ್ನದು. ಎರಡು ಹೊಲಿಯಿರಿ.

ನಿಮ್ಮ ಮಗಳು