ಮೊದಲ ರೋಗಿಯ ನಡಿಗೆ

ಹೊನಿಯಾರಾ, ಹೊಳೆಬದಿಯ ಕೇರಿ
ನವೆಂಬರ್ ೧೯, ಮಂಗಳವಾರ

ಅಮ್ಮಾ, ನಿನ್ನ ಮೇವಿಸ್ ಬರೆಯುತ್ತಿದ್ದಾಳೆ, ಮುಖ ತಿರುಗಿಸಬೇಡ.

ಈ ಪತ್ರವನ್ನು ಪಾದ್ರಿಯ ಹೆಂಡತಿಯ ಕೈಲಿ ಓದಿಸಬೇಡ. ಬೆರಳಿಟ್ಟುಕೊಂಡು ನೀನೇ ಓದು, ಎಷ್ಟು ಹೊತ್ತು ಹಿಡಿದರೂ ಹಿಡಿಯಲಿ. ನಿನಗೆಂದೇ ಅಕ್ಷರಗಳನ್ನು ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆಯುತ್ತಿದ್ದೇನೆ. ಹಿಂದಿನ ಪತ್ರಗಳಿಗೆ ನೀನು ಉತ್ತರ ಬರೆಯಲಿಲ್ಲ. ನಮ್ಮ ದ್ವೀಪದಿಂದ ಬಂದವರ ಕೈಲಿ ಗೆಣಸು ಬಂತು, ಹೊಗೆ ಹಾಕಿದ ಮೀನು ಬಂತು, ನಿನ್ನ ಒಂದು ಸಾಲು ಬರಲಿಲ್ಲ. ಗೆಣಸು ಕಳಿಸಿದ್ದಾಳೆಂದರೆ ಸಿಟ್ಟು ಪೂರ್ತಿ ಇಲ್ಲ ಎಂದುಕೊಂಡು ಬೇಯಿಸಿ ತಿಂದೆ. ನಿನ್ನ ಫೋನು ಸಮುದ್ರಕ್ಕೆ ಬಿದ್ದದ್ದು ಒಂದು ರೀತಿ ಒಳ್ಳೆಯದೇ ಆಯಿತು. ಫೋನಿನಲ್ಲಾಗಿದ್ದರೆ ನಾನು ಅಳುತ್ತಿದ್ದೆ, ನೀನು ಇಟ್ಟುಬಿಡುತ್ತಿದ್ದೆ.

ಮೊದಲು ಕೆಲಸದ ವಿಷಯ. ಚರ್ಚಿನಲ್ಲಿ ಎಲ್ಲರೂ ನಿನ್ನನ್ನು ಕೇಳುವುದು ಅದನ್ನೇ ಎಂದು ಗೊತ್ತು. ಕೆಲಸ ಸಿಕ್ಕಿಲ್ಲ. ಬಿಳಿ ಬಟ್ಟೆ ಹಾಕಿಕೊಂಡು, ಕೈಯಲ್ಲಿ ಮೇಣದಬತ್ತಿ ಹಿಡಿದು ನರ್ಸಿನ ಪ್ರತಿಜ್ಞೆ ಮಾಡಿ ಎರಡು ವರ್ಷ ಆಯಿತು. ನೀನು ಆವತ್ತು ಮುಂದಿನ ಸಾಲಿನಲ್ಲಿ ಕೂತು ಎಷ್ಟು ಜೋರಾಗಿ ಅತ್ತೆಯೆಂದರೆ ಪಕ್ಕದವರು ಯಾರೋ ಸತ್ತರೆಂದು ತಿಳಿದಿದ್ದರು. ನರ್ಸುಗಳು ಸಾಲದು ಎಂದು ರೇಡಿಯೋದಲ್ಲಿ ಹೇಳುತ್ತಾರೆ, ಹುದ್ದೆ ಇಲ್ಲ ಎಂದು ಕಚೇರಿಯ ಕಿಟಕಿಯಲ್ಲಿ ಹೇಳುತ್ತಾರೆ. ಕಿಟಕಿಯ ಹಿಂದೆ ಕೂತ ಗಂಡಸಿಗೆ ನನ್ನ ಮುಖ ಎಷ್ಟು ಪರಿಚಯವಾಗಿದೆಯೆಂದರೆ ಈಗ ಬಾಯಿ ತೆರೆಯುವ ತೊಂದರೆಯನ್ನೂ ತೆಗೆದುಕೊಳ್ಳುವುದಿಲ್ಲ. ನಾನು ರಸ್ತೆಯ ಆಚೆ ಇರುವಾಗಲೇ ತಲೆ ಅಲ್ಲಾಡಿಸುತ್ತಾನೆ. ನಾನು ಆಚೆಯಿಂದಲೇ ಕೈ ಬೀಸಿ ವಾಪಸು ಬರುತ್ತೇನೆ.

ನನ್ನ ಜೊತೆ ಓದಿದ ಕ್ಲೆರಾ ಆಸ್ಟ್ರೇಲಿಯಾಕ್ಕೆ ಹೋಗಿ ಟೊಮೆಟೊ ಕೀಳುತ್ತಿದ್ದಾಳೆ. ಜೂಡಿ ರಸ್ತೆ ಬದಿಯಲ್ಲಿ ಅಡಿಕೆ, ಎಲೆ, ಸುಣ್ಣ ಮಾರುತ್ತಾಳೆ. ನಾನು ಅವಳ ಪಕ್ಕದಲ್ಲೇ ಬಟ್ಟಲಿನಲ್ಲಿ ಎಣ್ಣೆಯಲ್ಲಿ ಕರಿದ ರಿಂಗ್ ಕೇಕ್ ಇಟ್ಟುಕೊಂಡು ಕೂರುತ್ತೇನೆ. ಬೆಳಗಿನ ಹಿಟ್ಟು ನಾದುವಾಗ ತೋಳು ನೋಯುತ್ತದೆ, ಆದರೆ ಮೀನು ಮಾರುವ ಹೆಂಗಸರ ಬಾಯಿ ನೋಯಿಸುವಷ್ಟಲ್ಲ. ಮೊನ್ನೆ ಒಬ್ಬಳು, "ಏ ಡಾಕ್ಟ್ರಮ್ಮಾ, ನಿನ್ನ ಕೇಕಿಗೆ ಬಿಪಿ ಬಂದಿದೆ ನೋಡೇ, ಹೆಂಗೆ ಊದ್ಕೊಂಡಿದೆ!" ಎಂದು ಕೂಗಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಅವಳ ಕಾಲು ನೋಡಿದೆ. ಅದು ನಿಜಕ್ಕೂ ಊದಿಕೊಂಡಿತ್ತು. ನಗುತ್ತಲೇ ಕ್ಲಿನಿಕ್ಕಿಗೆ ಹೋಗು ಎಂದೆ. ಹೋದಳೋ ಇಲ್ಲವೋ ತಿಳಿಯದು, ಯಾಕೆಂದರೆ ನಾನು ಈಗ ಕ್ಲಿನಿಕ್ಕಿಗೆ ಹೋಗುತ್ತಿಲ್ಲ.

ಕ್ಲಿನಿಕ್ಕಿನ ಕಥೆಯನ್ನು ನೀನು ದೊಡ್ಡಪ್ಪನ ಬಾಯಿಂದ ಕೇಳಿದ್ದೀಯ. ನನ್ನ ಬಾಯಿಂದ ಕೇಳಿಲ್ಲ.

ಅದು ನಮ್ಮ ಕೇರಿಯವರೇ ಹಲಗೆ, ತಗಡು ಹೊತ್ತು ಕಟ್ಟಿದ ಕ್ಲಿನಿಕ್ ಎಂದು ನಿನಗೆ ಗೊತ್ತು. ಇಸಬೆಲ್ ದ್ವೀಪದ ಸಿಸ್ಟರ್ ಡೆಲ್ಮಾ ಅದರ ಮುಖ್ಯ ನರ್ಸ್. ಬೆಳಿಗ್ಗೆ ಕೇಕ್ ಮಾರಿ, ಮಧ್ಯಾಹ್ನದಿಂದ ನಾನು ಅಲ್ಲಿ ಸಂಬಳವಿಲ್ಲದೆ ದುಡಿಯುತ್ತಿದ್ದೆ. ಗಾಯ ತೊಳೆಯುತ್ತಿದ್ದೆ, ಮಕ್ಕಳನ್ನು ತೂಗುತ್ತಿದ್ದೆ, ನೆಲ ಒರೆಸುತ್ತಿದ್ದೆ. ಹೊಸ ವರ್ಷಕ್ಕೆ ಒಂದು ಹುದ್ದೆ ಬರುತ್ತದೆ, ಕೇರಿಯ ಸಮಿತಿ ಒಪ್ಪಿದರೆ ಅದು ನಿನಗೇ ಎಂದು ಸಿಸ್ಟರ್ ಹೇಳಿದ್ದರು. ಸಮಿತಿಗೆ ಹಿರಿಯ ನಮ್ಮ ದೊಡ್ಡಪ್ಪನೇ ಅಲ್ಲವೇ? ಇನ್ನೇನು ಕೈಗೆ ಬಂತು ಎಂದು ನಾನು ಬರೆದಿದ್ದೆ. ನೀನು ಆಗಲೇ ಔತಣಕ್ಕೆ ಹಂದಿ ಯಾವುದೆಂದು ಆರಿಸಿಟ್ಟಿದ್ದೆ.

ಆವತ್ತು ಸಿಸ್ಟರ್ ಲಸಿಕೆ ತರಲು ಪೇಟೆಗೆ ಹೋಗಿದ್ದರು. ನಾನೊಬ್ಬಳೇ ಇದ್ದೆ. ದೊಡ್ಡಪ್ಪನ ಮನೆಯ ಮಾಡಿನ ತಗಡು ಬದಲಾಯಿಸುತ್ತಿದ್ದ ನಿನ್ನ ಮಗನನ್ನು, ನಮ್ಮ ಸೈಲಸ್ ಅಣ್ಣನನ್ನು, ನಾಲ್ಕು ಜನ ಹೊತ್ತುಕೊಂಡು ಬಂದರು. ಜಾರಿದ ತಗಡು ಎಡ ತೊಡೆಯ ಒಳಮಗ್ಗುಲನ್ನು ಮೇಲೆ, ತೀರಾ ಮೇಲೆ, ಸೀಳಿತ್ತು. ಹೊತ್ತವರ ಕಾಲೂ ಕೆಂಪಾಗಿತ್ತು. ಒಳಗೆ ನನ್ನನ್ನು ಕಂಡೊಡನೆ ನಾಲ್ವರೂ ಬಾಗಿಲಲ್ಲೇ ನಿಂತುಬಿಟ್ಟರು. ಅಣ್ಣ ನನ್ನ ಕಡೆ ನೋಡದೆ ಅವರಿಗೆ ಹೇಳಿದ: "ಅವಳ ಹತ್ರ ಬೇಡ. ಬೇರೆ ಎಲ್ಲಿಗಾದ್ರೂ ಒಯ್ಯಿರಿ. ಅವಳು ಬೇಡ."

ಅಮ್ಮಾ, ಅಣ್ಣನ ಮೈಯ ಆ ಭಾಗವನ್ನು ತಂಗಿ ನೋಡಬಾರದು, ಅದರ ಹೆಸರನ್ನು ಅವನ ಎದುರು ಎತ್ತಬಾರದು ಎಂದು ನನಗೆ ಕಲಿಸಿದವಳು ನೀನೇ. ನಡೆಯಲು ಕಲಿತ ಮೇಲೆ ನಾನು ಕಲಿತ ಮೊದಲ ಪಾಠ ಅದು. ಆದರೆ ಸೇತುವೆ ದಾಟಿ ಆಸ್ಪತ್ರೆಗೆ ಹೋಗುವಷ್ಟು ಹೊತ್ತು ಅವನಲ್ಲಿ ಉಳಿದಿರಲಿಲ್ಲ. ಅದು ಕಾಲೇಜಿನಲ್ಲಿ ಕಲಿತದ್ದು. ಎರಡು ಪಾಠ ಒಟ್ಟಿಗೆ ತಲೆಗೆ ಬಂದವು. ಕೈ ಮಾತ್ರ ಕಾಯಲಿಲ್ಲ.

ಬಾಯಿಯೂ ಕಾಯಲಿಲ್ಲ. ಅದೇ ಈಗಿನ ತೊಂದರೆ.

ರಜೆಯಲ್ಲಿ ನಿನ್ನ ಮೇಲೆ ಅಭ್ಯಾಸ ಮಾಡುತ್ತಿದ್ದದ್ದು ನೆನಪಿದೆಯೇ? "ಅಮ್ಮಾ, ಈಗ ನಿನ್ನ ಮಣಿಕಟ್ಟು ಹಿಡೀತೀನಿ. ಅಮ್ಮಾ, ಈಗ ಎಣಿಸ್ತಾ ಇದ್ದೀನಿ." ನೀನು, "ಹಿಡಿಯೇ ಮಾರಾಯ್ತಿ, ಅದಕ್ಕೆ ಭಾಷಣ ಯಾಕೆ?" ಎಂದು ನಗುತ್ತಿದ್ದೆ. ನಮ್ಮ ಕಾಲೇಜಿನ ಟೀಚರಮ್ಮ ಹಾಗೆ ತಿದ್ದಿದ್ದರು. ರೋಗಿ ಕಟ್ಟಿಗೆಯಲ್ಲ, ಮುಟ್ಟುವ ಮುಂಚೆ ಹೇಳಬೇಕು, ಮುಟ್ಟಿದಾಗ ಹೇಳಬೇಕು, ಬಿಡುವಾಗಲೂ ಹೇಳಬೇಕು. ಹೇಳದೆ ಮುಟ್ಟಿದವರಿಗೆ ಅವರು ಅಂಕ ಕೊಡುತ್ತಿರಲಿಲ್ಲ. ಹಾಗಾಗಿ ನಾನು ಹೇಳಿದೆ. "ಅಣ್ಣಾ, ಈಗ ನಿನ್ನ ಚಡ್ಡಿ ಕತ್ತರಿಸ್ತೀನಿ. ಕಾಲು ಅಗಲಿಸು. ತೊಡೆಸಂದೀಲಿ ಮುಷ್ಟಿ ಇಟ್ಟು ಒತ್ತುತೀನಿ, ತುಂಬಾ ನೋಯುತ್ತೆ, ತಡ್ಕೋ." ಕ್ಲಿನಿಕ್ಕಿನಲ್ಲಿ ಅರಚುವ ಮಗುವಿಗೂ ಕೇಳಿಸುವ ಹಾಗೆ, ಅಷ್ಟು ಗಟ್ಟಿಯಾಗಿ. ಅವನನ್ನು ಮಲಗಿಸಿ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ ನಾಲ್ಕು ಜನ ಪ್ರತಿಯೊಂದು ಮಾತನ್ನೂ ಕೇಳಿಸಿಕೊಂಡರು.

ಸಿಸ್ಟರ್ ಅವರ ಗಾಡಿ ಬರುವವರೆಗೂ ನಾನು ಮುಷ್ಟಿ ಎತ್ತಲಿಲ್ಲ, ಮಾತೂ ನಿಲ್ಲಿಸಲಿಲ್ಲ. ಆಸ್ಪತ್ರೆಯವರೆಗೆ ಗಾಡಿಯ ಹಿಂಭಾಗದಲ್ಲಿ ಕೂತೂ ಒತ್ತಿಯೇ ಹಿಡಿದಿದ್ದೆ. ಏನೇನು ಮಾತಾಡಿದೆ ಎಂದು ಈಗ ಪೂರ್ತಿ ನೆನಪಿಲ್ಲ. ಹೊಲಿಗೆ ಹಾಕಲು ಅವನನ್ನು ಒಳಗೆ ಒಯ್ದರು, ನನ್ನನ್ನು ಹೊರಗೆ ನಿಲ್ಲಿಸಿದರು. ಅಷ್ಟೇ. ಆಮೇಲೆ ಅವನ ಮುಖ ನಾನು ಕಂಡಿಲ್ಲ.

ಅವನು ಮನೆಗೆ ಬಂದ ಮೇಲೆ ಮಾವಿನ ಮರದ ಕೆಳಗೆ ಎಲ್ಲರೂ ಸೇರಿದರು. ನನ್ನನ್ನು ದೂರದಲ್ಲಿ ಕೂರಿಸಿದರು. ದೊಡ್ಡಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. "ಮುಟ್ಟಿದ್ದು ರಕ್ತ ನಿಲ್ಲಿಸೋಕೆ. ಅದನ್ನ ಬಿಟ್ಟುಬಿಡೋಣ, ನಾವೇನು ಕಲ್ಲಲ್ಲ. ಆದ್ರೆ ಆ ಬಾಯಿ? ಅಣ್ಣನಿಗೆ ತಂಗಿ ಹೇಳೋ ಮಾತಾ ಅದು? ನಾಲ್ಕು ಗಂಡಸ್ರು ಕೇಳಿಸ್ಕೊಂಡಿದ್ದಾರೆ. ಅವನು ಇನ್ನು ಯಾರ ಎದುರಿಗೆ ತಲೆ ಎತ್ತಿ ಕೂರಬೇಕು?" ಎಂದರು. ಸೈಲಸ್‌ನ ತಲೆ ಎತ್ತಿಸಲು ನಾನು ಪರಿಹಾರವಾಗಿ ಒಂದು ಚಿಪ್ಪುಹಣದ ಸರ ಮತ್ತು ಒಂದು ಹಂದಿ ಕೊಡಬೇಕು, ಅಲ್ಲಿಯವರೆಗೆ ಅವನ ಕಣ್ಣಿಗೆ ಬೀಳಬಾರದು, ಊರಿಗೂ ಕಾಲಿಡಬಾರದು ಎಂದು ತೀರ್ಮಾನವಾಯಿತು. ಸರವನ್ನು ಕೆಲಸ ಸಿಕ್ಕಿದರೆ ಕೊಂಡೇನು. ಕೆಲಸ ಕೊಡುವವರೂ ಅವರೇ, ಮತ್ತು ಅವರು ಕೊಡುವುದಿಲ್ಲ. ಇಂಥವಳು ಕ್ಲಿನಿಕ್ಕಿನಲ್ಲಿದ್ದರೆ ಗಂಡಸರು ಯಾರೂ ಒಳಗೆ ಬರುವುದಿಲ್ಲ ಎಂದು ಸಮಿತಿ ಹೇಳಿತು. ಅದು ಸುಳ್ಳೂ ಅಲ್ಲ. ಮಾರನೆಯ ವಾರ ಜ್ವರದವನೊಬ್ಬ ಬಾಗಿಲಲ್ಲಿ ನನ್ನನ್ನು ನೋಡಿ ತಿರುಗಿ ನಡೆದ. ಸಂಬಂಧದಲ್ಲಿ ಅವನೂ ಅಣ್ಣನೇ. ನಮ್ಮ ದ್ವೀಪದವರೇ ತುಂಬಿರುವ ಈ ಕೇರಿಯಲ್ಲಿ ನನಗೆ ಅಣ್ಣನಾಗದ ಗಂಡಸು ಯಾರಿದ್ದಾನೆ?

ಸಿಸ್ಟರ್ ಡೆಲ್ಮಾ ನನ್ನ ಪರವಾಗಿ ಎಷ್ಟೋ ಮಾತಾಡಿದರು. ಅವರು ಹೊರಗಿನವರು, ಕೇಳುವವರು ಯಾರು? ಕೊನೆಗೆ ನನ್ನನ್ನು ಹಿಂದಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು, "ಬಾಯಿ ಮುಚ್ಕೊಂಡು ಮಾಡಿದ್ರೆ ಆಗ್ತಿತ್ತಲ್ಲೇ ಮಗಳೇ" ಎಂದರು. ಹೇಳುವಾಗ ಅವರೇ ಅತ್ತರು. ಆ ಹುದ್ದೆಗೆ ಈಗ ಬೇರೆ ದ್ವೀಪದ ಹುಡುಗಿಯೊಬ್ಬಳ ಹೆಸರು ಕೇಳಿಬರುತ್ತಿದೆ. ಒಳ್ಳೆಯ ಹುಡುಗಿಯಂತೆ. ಅವಳಿಗೂ ಬೇಕಲ್ಲ.

ನಾನು ದೊಡ್ಡಪ್ಪನ ಮನೆ ಬಿಟ್ಟು ಜೂಡಿಯ ಹಿಂಬದಿಯ ಕೋಣೆಗೆ ಬಂದಿದ್ದೇನೆ. ಭಾನುವಾರ ಸಂಜೆ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿ ಬಿಳಿ ಬಟ್ಟೆಗೆ ಇಸ್ತ್ರಿ ಹಾಕುತ್ತೇನೆ. ಜೂಡಿ, "ಯಾಕೇ, ಕಿಟಕಿಯವನನ್ನ ಮದುವೆಯಾಗ್ತೀಯಾ?" ಎಂದು ಕಾಡಿಸುತ್ತಾಳೆ. ಸೋಮವಾರ ಅದನ್ನು ಹಾಕಿಕೊಂಡು ಕಚೇರಿಯ ಕಿಟಕಿಗೆ ಹೋಗುತ್ತೇನೆ, ಅವನು ತಲೆ ಅಲ್ಲಾಡಿಸುತ್ತಾನೆ, ಬರುತ್ತೇನೆ. ಭರವಸೆ ಕಳೆದುಕೊಳ್ಳಬೇಡ ಎಂದು ನೀನು ಹಿಂದೆಲ್ಲ ಪ್ರತಿ ಪತ್ರದ ಕೊನೆಗೆ ಬರೆಯುತ್ತಿದ್ದೆ. ಅಮ್ಮಾ, ನನ್ನಲ್ಲಿ ಭರವಸೆ ಇಲ್ಲ. ಇಸ್ತ್ರಿ ಮಾತ್ರ ಬಿಟ್ಟಿಲ್ಲ. ಬಟ್ಟೆ ಮಡಚಿ ಪೆಟ್ಟಿಗೆಯ ಅಡಿಗೆ ಹಾಕಿದರೆ ಇನ್ನು ತೆಗೆಯುವುದಿಲ್ಲವೇನೋ ಎಂದು ಹೆದರಿಕೆ.

ಹೊಲದಲ್ಲಿ ಹಣ್ಣು ಕೀಳುವ ಕೆಲಸಕ್ಕೆ ಹೆಸರು ಕೊಡು ಎಂದು ಕ್ಲೆರಾ ಸಂದೇಶ ಕಳಿಸಿದ್ದಾಳೆ. ಅಲ್ಲಿ ದುಡಿದರೆ ಸರ ಬರುತ್ತದೆ, ಹಂದಿ ಬರುತ್ತದೆ, ನಿನ್ನ ಮನೆಗೆ ಕಾಲಿಡಬಹುದು. ಮರಳಿ ಬಂದಾಗ ನಾನು ನರ್ಸ್ ಎಂದು ಹೇಳಿದರೆ ನನಗೇ ನಂಬಿಕೆ ಬಾರದಿರಬಹುದು. ಇನ್ನೂ ಹೂಂ ಎಂದಿಲ್ಲ.

ನೀನು ನನ್ನ ಪರ ನಿಲ್ಲಬೇಕೆಂದು ಕೇಳುತ್ತಿಲ್ಲ. ನೀನು ಅದೇ ದ್ವೀಪದಲ್ಲಿ, ಅದೇ ಜನರ ನಡುವೆ ಬಾಳಬೇಕು. ಒಂದು ಮಾತ್ರ ತಿಳಿದಿರಲಿ. ನಿನ್ನ ಮಗನನ್ನು ಮತ್ತೆ ಹಾಗೆ ಹೊತ್ತು ತಂದರೆ ನಾನು ಮತ್ತೆ ಮುಷ್ಟಿ ಇಡುತ್ತೇನೆ. ಬಾಯಿಯ ಬಗ್ಗೆ ಮಾತು ಕೊಡಲಾರೆ.

ಗೆಣಸು ಸಿಹಿಯಾಗಿತ್ತು. ಮೊಣಕಾಲಿಗೆ ಎಣ್ಣೆ ಹಚ್ಚುತ್ತಿರು.

ನಿನ್ನ ಹೊಟ್ಟೆಯವಳು,
ಮೇವಿಸ್

ಮತ್ತೆ ಬರೆದದ್ದು: ಇದನ್ನು ಮಡಚಿಟ್ಟು, ಯಾರ ಕೈಲಿ ಕಳಿಸಲಿ ಎಂದು ಯೋಚಿಸುತ್ತಿದ್ದೆ. ಆಗ ಬೇಲಿಯ ಹೊರಗೆ ಸೈಲಸ್ ಅಣ್ಣನ ದನಿ ಕೇಳಿಸಿತು. ಜೂಡಿ ಮನೆಯಲ್ಲಿರಲಿಲ್ಲ. ಅವನು ಅವಳ ನಾಯಿಯ ಜೊತೆ ಮಾತಾಡುತ್ತಿದ್ದ. "ಏ ನಾಯಿ, ನಾನು ಗುರುವಾರದ ಹಡಗಿಗೆ ಊರಿಗೆ ಹೊರಟಿದ್ದೀನಿ. ಯಾರಾದ್ರೂ ಅಮ್ಮನಿಗೆ ಏನಾದ್ರೂ ಕಳಿಸೋದಿದ್ರೆ ಬೇಲಿ ಮೇಲೆ ಇಡಲಿ, ಆಮೇಲೆ ಬಂದು ತಗೋತೀನಿ" ಎಂದ. ನಾನು ಬಾಗಿಲ ಹಿಂದೆ ಸರಿದು ಗೋಡೆಯ ಕಡೆ ಮುಖ ಮಾಡಿ ನಿಂತೆ. ಅವನು ಹೋದನೆಂದುಕೊಂಡೆ, ಹೋಗಿರಲಿಲ್ಲ. ಸಣ್ಣ ದನಿಯಲ್ಲಿ ಹೇಳಿದ: "ಅವತ್ತು ಆ ದನಿ ಕೇಳ್ತಾನೇ ಇತ್ತು ಅಂತ ನಾನು ಕಣ್ಣು ಮುಚ್ಚಲಿಲ್ಲ, ನಾಯಿ. ಅದು ನಿಂತಿದ್ರೆ ಹೋಗ್ಬಿಡ್ತಿದ್ದೆ. ಇದನ್ನ ಮಾವಿನ ಮರದ ಕೆಳಗೆ ಹೇಳೋಕೆ ನನ್ನ ಕೈಲಿ ಆಗಲ್ಲ." ನಾಯಿ ಬಾಲ ಬಡಿಯಿತು.

ಅವನು ತಿರುಗಿ ಹೋಗುವಾಗ ನೋಡಬಾರದೆಂದು ಗೋಡೆಯನ್ನೇ ನೋಡುತ್ತಿದ್ದೆ. ಹೆಜ್ಜೆಯ ಸದ್ದು ಮಣ್ಣಿನಲ್ಲಿ ಸರಿಯಾಗಿ ತಿಳಿಯಲಿಲ್ಲ. ಈ ಪತ್ರವನ್ನು ಬೇಲಿಯ ಮೇಲೆ ಇಡುತ್ತೇನೆ, ತರುವವನು ಅವನೇ. ಯಾರು ಕೊಟ್ಟರು ಎಂದು ಕೇಳಬೇಡ, ಅವನು ಹೇಳಲಾರ. ದೋಣಿಯಿಂದ ನಮ್ಮ ದ್ವೀಪದ ಕಲ್ಲುಗಳ ಮೇಲೆ ಕಾಲಿಟ್ಟು ಹತ್ತುವಾಗ ಅವನನ್ನು ಚೆನ್ನಾಗಿ ನೋಡು. ಎಡಗಾಲು ಎಳೆಯುತ್ತಾನೋ, ನೆಟ್ಟಗೆ ಊರುತ್ತಾನೋ, ಅಷ್ಟನ್ನು ನನಗೆ ಬರೆ. ಬೇರೆ ಏನೂ ಬರೆಯದಿದ್ದರೂ ಸರಿ. ಅವನು ನಾನೊಬ್ಬಳೇ ನೋಡಿಕೊಂಡ ಮೊದಲ ರೋಗಿ, ಅಮ್ಮಾ. ಹೇಗಿದ್ದಾನೆ ಎಂದು ಕೇಳಲು ನನಗೆ ನೀನಲ್ಲದೆ ಬೇರೆ ಯಾರೂ ಇಲ್ಲ.