ತಾರೀಖು ತಪ್ಪದೆ ಬಂದವಳನ್ನು ಹಿಡಿದ ಬಗ್ಗೆ

ಮಾನ್ಯ ವಲಸೆ ಜಾರಿ ಕಚೇರಿಯ ಮುಖ್ಯಾಧಿಕಾರಿಗಳೇ,

ತಲೆಮರೆಸಿಕೊಂಡವರನ್ನು ಹಿಡಿಯಲು ಬೆವರು ಸುರಿಸಬೇಕು. ಕರೆದಾಗ ಬಂದು ನಿಲ್ಲುವವರನ್ನು ಹಿಡಿಯಲು ಕುರ್ಚಿ ಬಿಟ್ಟೇಳಬೇಕಾಗಿಲ್ಲ. ಈ ಸುಲಭೋಪಾಯದಿಂದ ಮಾರ್ಚ್ ಹನ್ನೊಂದರಂದು ನೀವು ನನ್ನ ನೆರೆಮನೆಯ ಒಡಿಲಿಯಾಳನ್ನು ಹಿಡಿದಿರಿ. ನಿಮ್ಮ ಶೌರ್ಯಕ್ಕೆ ಶರಣು.

ಗ್ವಾಟೆಮಾಲದ ಒಡಿಲಿಯಾ ನೆಬ್ರಾಸ್ಕಾದ ನಮ್ಮೂರಿನ ಮಾಂಸದ ಕಾರ್ಖಾನೆಯಲ್ಲಿ ಹದಿನಾರು ವರ್ಷ ಚೂರಿ ಹಿಡಿದು ದುಡಿದವಳು. ಅವಳ ಮೇಲೆ ಗಡೀಪಾರಿನ ಹಳೆಯ ಆದೇಶವಿತ್ತು, ಮುಚ್ಚಿಡುವುದಿಲ್ಲ. ಆದರೆ ಅದನ್ನು ತಡೆಹಿಡಿದು, ವರ್ಷಕ್ಕೊಮ್ಮೆ ಬಂದು ಹಾಜರಿ ಹಾಕಿ ದುಡಿದುಕೊಂಡಿರು ಎಂದು ಬರೆದುಕೊಟ್ಟದ್ದೂ ನಿಮ್ಮದೇ ಕಚೇರಿ. ಗಂಡ ತೀರಿಕೊಂಡ ವಾರವೂ ಅವಳು ಹಾಜರಿ ತಪ್ಪಿಸಲಿಲ್ಲ. ಜನವರಿಯಲ್ಲಿ ಹೊಸ ಅಧ್ಯಕ್ಷರು ಪ್ರಮಾಣವಚನ ಸ್ವೀಕರಿಸಿದರು. ಕಾನೂನು ಬದಲಿಸುವುದು ಸಂಸತ್ತು ಎಂದು ಶಾಲೆಯಲ್ಲಿ ಓದಿದ್ದ ದಡ್ಡ ನಾನು. ಅವಳ ವಿಷಯದ ಕಾನೂನಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ನಿಮ್ಮ ಮೇಜಿಗೊಂದು ಸುತ್ತೋಲೆ ಬಂದಿತ್ತು, ಅಷ್ಟೇ.

ಆ ಬೆಳಿಗ್ಗೆ ನನ್ನ ಗಾಡಿ ಹತ್ತಲು ಅವಳು ಹಿಂಜರಿದಳು. ನನ್ನನ್ನು ಅವಳು ಕರೆಯುವುದು ತನ್ನ ಭಾಷೆಯ ಗೌರವದ 'ಡಾನ್' ಸೇರಿಸಿಯೇ.

"ಈ ಸಲ ಬೇಡ ಅನ್ಸುತ್ತೆ, ಡಾನ್ ವೆಂಡಲ್. ಒಳಗೆ ಹೋದೋರು ಆಚೆ ಬರ್ತಿಲ್ವಂತೆ."

"ಅವರು ಹುಡುಕ್ತಿರೋದು ಕಳ್ಳಕಾಕರನ್ನ ಕಣಮ್ಮ. ಆ ಅಧ್ಯಕ್ಷರಿಗೆ ಓಟು ಹಾಕಿದೋನೇ ನಾನು, ನಂಗೊತ್ತಿಲ್ವಾ?"

"ನೀವು ಅವರಿಗೆ ಗೊತ್ತಾ?" ಎಂದು ನಕ್ಕು ಹತ್ತಿದಳು.

ಮೂರು ಗಂಟೆಯ ದಾರಿ. ಕಿಟಕಿಯಲ್ಲಿದ್ದ ನಿಮ್ಮ ಸಿಬ್ಬಂದಿ "ಐದೇ ನಿಮಿಷ" ಎಂದು ಅವಳನ್ನು ಒಳಗೆ ಕರೆದ. ನಾಲ್ಕು ಗಂಟೆ ಕಾದ ಮೇಲೆ ಅವನೇ ಬಂದು ನನ್ನ ಕೈಗೆ ಚೀಲವೊಂದನ್ನಿತ್ತ: ಅವಳ ಬೆಲ್ಟು, ಬೂಟಿನ ದಾರ, ನಮ್ಮಿಬ್ಬರಿಗೆಂದು ಅವಳು ಕಟ್ಟಿ ತಂದಿದ್ದ, ಜೋಳದ ಹಿಟ್ಟಿನ ತಮಾಲೆ ಕಡುಬಿನ ಬುತ್ತಿ.

"ಏನಪ್ಪಾ ತಪ್ಪು ಮಾಡಿದ್ಳು?"

"ಏನಿಲ್ಲ ಸರ್. ಪಟ್ಟೀಲಿ ಹೆಸರಿತ್ತು, ಅವರೇ ಬಂದ್ರು."

ಅವರೇ ಬಂದರು! ನಿಮ್ಮ ಭಾಷಣಗಳಲ್ಲಿ ಬರುವ ಆ ಭಯಾನಕ ಪಾತಕಿಗಳು ಹೀಗೆಯೇ ಬುತ್ತಿ ಕಟ್ಟಿಕೊಂಡು ಹಾಜರಿಗೆ ಬರುತ್ತಾರೆಯೇ ಮಾನ್ಯರೇ? ಅಥವಾ ಅವರು ಸಿಗದ ಕಾರಣ ಇವಳಿಂದ ಸಂಖ್ಯೆ ತುಂಬಿಸಿದಿರೋ? ಒಂಬತ್ತನೆಯ ದಿನ ಅವಳನ್ನು ವಿಮಾನ ಹತ್ತಿಸಿದಿರಿ. ಇಲ್ಲೇ ಹುಟ್ಟಿದ ಮಗಳು ಯುಲೀಸಾ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಅಮ್ಮ ಬೇಡ ಅಂದಿದ್ಳಾ?" ಹೌದು ಎಂದೆ. ಅಂದಿನಿಂದ ಆ ಮನೆಯ ಬಾಗಿಲು ನನಗೆ ತೆರೆದಿಲ್ಲ. ತಪ್ಪು ಅವಳದಲ್ಲ.

ನನ್ನ ಬೇಡಿಕೆ ಇಷ್ಟೇ. ಒಡಿಲಿಯಾಳ ಪ್ರಕರಣವನ್ನು ಮತ್ತೆ ತೆರೆದು ನ್ಯಾಯಾಧೀಶರ ಮುಂದಿಡಿ. ಅದಾಗದಿದ್ದರೆ, ಹಾಜರಿಗೆ ಕರೆಯುವ ಪತ್ರದಲ್ಲೇ "ಬಂದರೆ ಬಂಧಿಸುತ್ತೇವೆ" ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ. ಕಳೆದ ವಾರ ಕಾರ್ಖಾನೆಯ ದಂಪತಿಗಳು ನಿಮ್ಮ ಅಂಥದೇ ಪತ್ರ ಹಿಡಿದು ಬಂದು, "ಹೋಗೋದಾ, ಬೇಡ್ವಾ?" ಎಂದು ಕೇಳಿದರು. ಜೀವಮಾನವಿಡೀ ಕಾನೂನು ಕಾನೂನು ಎಂದವನು ನಾನು. ಪತ್ರವನ್ನು ಮಡಿಸಿ ಅವರ ಕೈಗೇ ಕೊಟ್ಟೆ.

ಇಂತಿ,
ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿ ಪ್ರತಿ ಮಗುವನ್ನೂ ಮನೆ ಮುಟ್ಟಿಸಿ, ಒಬ್ಬ ತಾಯಿಯನ್ನು ಮುಟ್ಟಿಸಲಾಗದ
ವೆಂಡಲ್ ಕ್ರಾಟ್ಸ್